ಎಂಟನೆಯ ಯಂತ್ರ

ಶನಿವಾರ ರಾತ್ರಿ ಹತ್ತು ಗಂಟೆ. ಮಹದೇವಪುರದ ಹೊರವರ್ತುಲ ರಸ್ತೆಯಲ್ಲಿ ವಾಹನಗಳ ಸಾಲು ಕೊನೆಗೂ ಸಡಿಲಗೊಂಡಿದೆ. ಸಿಂಗಯ್ಯನಪಾಳ್ಯದ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದು ಬರುವವರು ತರಕಾರಿಯ ಚೀಲವನ್ನೋ, ನಿದ್ದೆ ಹೋದ ಮಗುವನ್ನೋ ಹೊತ್ತು ಮನೆಯ ಕಡೆಗೆ ಹೆಜ್ಜೆ ಹಾಕುತ್ತಿದ್ದಾರೆ. ಅವರಿಗೆ ಎದುರಾಗಿ ಕೆಲವರು ಊಟದ ಡಬ್ಬಿಯನ್ನು ಹೆಗಲಚೀಲದಲ್ಲಿಟ್ಟುಕೊಂಡು ಕಛೇರಿಗಳ ಕಡೆಗೆ ಹೊರಟಿದ್ದಾರೆ. ಊರಿಗೆಲ್ಲ ರಜೆಯಾದಾಗ ಇವರಿಗೆ ಕೆಲಸ. ಊರು ಕೆಲಸಕ್ಕೆ ಹೊರಟಾಗ ಇವರಿಗೆ ನಿದ್ದೆ.

ಇವರು ರಾತ್ರಿಯ ಕಾವಲುಗಾರರಲ್ಲ. ಕಛೇರಿಯ ಕಂಪ್ಯೂಟರುಗಳಲ್ಲಿಯೂ ಸರ್ವರುಗಳಲ್ಲಿಯೂ ಲೆಕ್ಕಪತ್ರ, ಸಂಬಳ, ದಾಸ್ತಾನು ಮುಂತಾದ ವ್ಯವಹಾರಗಳ ತಂತ್ರಾಂಶವನ್ನು ಅಳವಡಿಸುವವರು; ಅಳವಡಿಸಿದ್ದು ನಡೆಯದೆ ಹೋದರೆ ಅದರ ಕಾರಣವನ್ನು ಹುಡುಕುವವರು. ಸೋಮವಾರ ಬೆಳಗ್ಗೆ ನೂರಾರು ಜನ ತಮ್ಮ ತಮ್ಮ ಮೇಜಿನ ಮುಂದೆ ಕುಳಿತಾಗ ಎಲ್ಲವೂ ಎಂದಿನಂತೆ ನಡೆಯಬೇಕು. ಕಳೆದ ಎರಡು ರಾತ್ರಿ ಇಲ್ಲಿ ಏನೂ ಆಗಲಿಲ್ಲವೆಂದೇ ಉಳಿದವರಿಗೆ ತೋರಬೇಕು. ಹಾಗೆ ತೋರಿದರೆ ಅದೇ ಇವರ ಗೆಲುವು. ಆದುದರಿಂದಲೇ ಇವರ ಗೆಲುವನ್ನು ಕಂಡವರು ಕಡಿಮೆ. ಇವರ ಸೋಲನ್ನು ಮಾತ್ರ ಎಲ್ಲರೂ ಕಾಣುತ್ತಾರೆ.

ದೂರವಾಣಿಯ ನೆರೆಯಲ್ಲಿ

ಮಹದೇವಪುರಕ್ಕೆ ಯಂತ್ರಗಳ ನೆರೆ ಹೊಸತಲ್ಲ. ಇಲ್ಲಿಂದ ಅನತಿ ದೂರದಲ್ಲಿ, ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ೧೯೪೮ರಲ್ಲಿ ಆರಂಭವಾಯಿತು. ಅಲ್ಲಿ ಟೆಲಿಫೋನುಗಳ ಜೊತೆಗೆ ಸ್ಟ್ರೌಜರ್ ಮಾದರಿಯ ವಿನಿಮಯ ಕೇಂದ್ರಗಳ ಉಪಕರಣಗಳೂ ತಯಾರಾಗುತ್ತಿದ್ದವು. ಆ ಕೇಂದ್ರಗಳಲ್ಲಿ ಒಂದು ಕರೆ ಮಧ್ಯದಲ್ಲಿ ತಡೆದು ನಿಂತರೆ, ಕೆಲಸಗಾರನು ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ಅದರ ಜಾಡು ಹಿಡಿದು ಹೋಗಿ, ಎಲ್ಲಿ ನಿಂತಿದೆಯೆಂದು ಬೆರಳಿಟ್ಟು ತೋರಿಸಬಹುದಾಗಿತ್ತು. ದೋಷವು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು.

ಆಮೇಲೆ ಕಾಲ ಬದಲಾಯಿತು. ೧೯೯೦ರ ದಶಕದಲ್ಲಿ ವೈಟ್‌ಫೀಲ್ಡಿನ ಕಡೆ ಸಿಂಗಪುರದ ಸಹಯೋಗದಿಂದ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ಎದ್ದಿತು. ದೊಡ್ಡ ಸಂಸ್ಥೆಗಳ ವ್ಯವಹಾರ ತಂತ್ರಾಂಶಕ್ಕೆ ಹೆಸರಾದ ಜರ್ಮನಿಯ ಸ್ಯಾಪ್ ಸಂಸ್ಥೆ ೧೯೯೮ರಲ್ಲಿ ಬೆಂಗಳೂರಿನಲ್ಲಿ ತನ್ನ ಪ್ರಯೋಗಾಲಯವನ್ನು ತೆರೆದು, ವೈಟ್‌ಫೀಲ್ಡಿನಲ್ಲಿ ನೆಲೆಯೂರಿತು. ೨೦೦೭ರಲ್ಲಿ ಮಹದೇವಪುರ ನಗರಸಭೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾಯಿತು. ೨೦೨೫ರ ಸೆಪ್ಟೆಂಬರಿನಿಂದ ಈ ಪ್ರದೇಶ ಬೆಂಗಳೂರು ಪೂರ್ವ ನಗರಪಾಲಿಕೆಗೆ ಸೇರಿದೆ. ೨೦೨೩ರ ಮಾರ್ಚಿಯಲ್ಲಿ ಕೃಷ್ಣರಾಜಪುರದಿಂದ ಕಾಡುಗೋಡಿಯವರೆಗೆ ಮೆಟ್ರೊ ಓಡತೊಡಗಿತು. ಸ್ವಿಚ್ಚಿನ ಸದ್ದನ್ನು ಕೇಳಿ ದೋಷ ಹೇಳುವ ಕಾಲ ಹೋಗಿ, ಸದ್ದೇ ಇಲ್ಲದ ದೋಷವನ್ನು ಹುಡುಕುವ ಕಾಲ ಬಂದಿತು. ಹುಡುಕುವ ಕ್ರಮ ಮಾತ್ರ ಬದಲಾಗಲಿಲ್ಲ: ಜಾಡು ಹಿಡಿದು ಒಂದೊಂದೇ ಹೆಜ್ಜೆ.

ವಠಾರಕ್ಕೆ ಬಂದ ಹೊಸ ಬಿಡಾರ

ಮೊಬೈಲ್ ಫೋನಿಗೆ ಒಂದು ಆಪ್ ಹಾಕಿಕೊಳ್ಳಲು ಮನೆಯ ಹುಡುಗನಿಗೆ ಅರ್ಧ ನಿಮಿಷ ಸಾಕು. ಹಾಗಿರುವಾಗ ಕಛೇರಿಯಲ್ಲಿ ಅದೇ ಕೆಲಸಕ್ಕೆ ಎರಡು ರಾತ್ರಿ ಏಕೆ ಬೇಕು? ಈ ಪ್ರಶ್ನೆಯನ್ನು ಇಂತಹ ಕೆಲಸಗಾರರ ಮನೆಯವರು ಕೇಳದೆ ಇರುವುದಿಲ್ಲ.

ಒಂಟಿ ಮನೆಯಲ್ಲಿ ಒಬ್ಬನೇ ಇರುವುದಕ್ಕೂ, ಹಳೆಯ ವಠಾರಕ್ಕೆ ಹೊಸ ಬಿಡಾರ ಬರುವುದಕ್ಕೂ ವ್ಯತ್ಯಾಸವಿದೆಯಷ್ಟೆ. ವಠಾರದಲ್ಲಿ ನೀರಿನ ನಲ್ಲಿಗೆ ಸರದಿ ಉಂಟು, ಬಟ್ಟೆ ಒಣಗಿಸುವ ಹಗ್ಗಕ್ಕೆ ಹಕ್ಕುದಾರರಿದ್ದಾರೆ, ಬೀದಿಬಾಗಿಲಿನ ಬೀಗದ ಕೈ ಯಾರಲ್ಲಿರಬೇಕೆಂಬ ನಿಯಮವಿದೆ. ಹೊಸ ಸಂಸಾರ ಎಷ್ಟೇ ಒಳ್ಳೆಯದಾಗಿರಲಿ, ಇವೆಲ್ಲಕ್ಕೂ ಹೊಂದಿಕೊಳ್ಳಬೇಕು. ಹೊಸ ತಂತ್ರಾಂಶದ ಸ್ಥಿತಿಯೂ ಇದೇ. ಅದಕ್ಕೆ ಇರಲು ಜಾಗ ಬೇಕು. ಕಡತಗಳನ್ನು ತೆರೆಯಲು ಅನುಮತಿ ಬೇಕು. ಹೊರಗಿನವರೊಡನೆ ಮಾತನಾಡಲು ಪೋರ್ಟ್ ಎಂಬ ನಿಗದಿಯಾದ ಸಂಖ್ಯೆಯ ಬಾಗಿಲು ಬೇಕು. ಆ ಬಾಗಿಲನ್ನು ಆಗಲೇ ಇನ್ನೊಂದು ತಂತ್ರಾಂಶ ಹಿಡಿದು ಕುಳಿತಿದ್ದರೆ ಹೊಸದು ಏಳುವುದೇ ಇಲ್ಲ.

ಇದರ ಮೇಲೆ, ದೊಡ್ಡ ಕಛೇರಿಯ ತಂತ್ರಾಂಶ ಒಂದೇ ಯಂತ್ರದಲ್ಲಿ ಇರುವುದಿಲ್ಲ. ಸ್ಯಾಪ್ ಸಂಸ್ಥೆ ೧೯೯೨ರಲ್ಲಿ ಹೊರತಂದ 'ಆರ್/೩' ತಂತ್ರಾಂಶದ ಹೆಸರಿನಲ್ಲಿರುವ ಮೂರು, ಅದರ ಮೂರು ಅಂತಸ್ತುಗಳನ್ನು ಸೂಚಿಸುತ್ತಿತ್ತು. ಗುಮಾಸ್ತೆಯ ಮೇಜಿನ ಮೇಲಿನ ಕಂಪ್ಯೂಟರ್ ಒಂದು ಅಂತಸ್ತು. ಲೆಕ್ಕವನ್ನೆಲ್ಲ ಮಾಡುವ ಸರ್ವರ್ ಎರಡನೆಯದು. ಅಂಕಿ ಅಂಶಗಳನ್ನು ಕಾಯ್ದಿಡುವ ಭಂಡಾರ ಮೂರನೆಯದು. ಗುಮಾಸ್ತೆ ಗುಂಡಿ ಒತ್ತಿದಾಗ ಉತ್ತರ ಬಾರದಿದ್ದರೆ ತಪ್ಪು ಈ ಮೂರರಲ್ಲಿ ಎಲ್ಲಿಯೂ ಇರಬಹುದು, ಇವುಗಳ ನಡುವಿನ ದಾರಿಯಲ್ಲಿಯೂ ಇರಬಹುದು.

ಅಳವಡಿಕೆಯ ನಿಯಮಗಳಲ್ಲಿ ಕೆಲವು ಕೇಳುವವರಿಗೆ ವಿಚಿತ್ರವಾಗಿ ತೋರುತ್ತವೆ. ಸ್ಯಾಪ್ ತಂತ್ರಾಂಶ ನಡೆಯುವ ಯಂತ್ರಕ್ಕೆ ಇಂಗ್ಲಿಷಿನಲ್ಲಿ ಹದಿಮೂರು ಅಕ್ಷರಗಳಿಗಿಂತ ಉದ್ದದ ಹೆಸರನ್ನು ಇಡುವಂತಿಲ್ಲ. ಪ್ರತಿಯೊಂದು ವ್ಯವಸ್ಥೆಗೂ ಮೂರೇ ಅಕ್ಷರಗಳ ಒಂದು ಗುರುತು ಇರಬೇಕು. ಆ ಮೂರಕ್ಷರ 'ಆಲ್' ಎಂದೋ 'ಆ್ಯಂಡ್' ಎಂದೋ ಆಗಕೂಡದು. ಆ ಪದಗಳನ್ನು ತಂತ್ರಾಂಶ ತನ್ನ ಬಳಕೆಗೆಂದು ಮೀಸಲಿಟ್ಟುಕೊಂಡಿದೆ. ಇಡೀ ಊರಿನ ಹೆಸರನ್ನೂ ವಿಭಾಗದ ಹೆಸರನ್ನೂ ಸೇರಿಸಿ ಯಂತ್ರಕ್ಕೆ ಉದ್ದನೆಯ ನಾಮಕರಣ ಮಾಡಿದವನು ವಾರದ ನಂತರ ಆ ಹೆಸರನ್ನು ಕತ್ತರಿಸುತ್ತ ಕುಳಿತುಕೊಳ್ಳಬೇಕಾಗುತ್ತದೆ. ಇಂತಹ ನಿಯಮಗಳೆಲ್ಲ ಅಳವಡಿಕೆಯ ಕೈಪಿಡಿಯಲ್ಲಿ ಮುಂಚಿತವಾಗಿಯೇ ಅಚ್ಚಾಗಿರುತ್ತವೆ. ಆದರೆ ಲಗ್ನಪತ್ರಿಕೆಯ ಕೊನೆಯ ಸಾಲನ್ನು ಓದುವಷ್ಟು ಜನವೂ ಕೈಪಿಡಿಯ ಮೊದಲ ಪುಟವನ್ನು ಓದುವುದಿಲ್ಲ.

ಏಳು ನಿಮಿಷದ ಅಂತರ

ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳಬಹುದು. ತಿಂಗಳ ಕೊನೆಯ ವಾರ. ಸಂಬಳದ ಲೆಕ್ಕ ಮಾಡುವ ತಂತ್ರಾಂಶವನ್ನು ಹೊಸ ಸರ್ವರಿಗೆ ಹಾಕಲಾಗಿದೆ. ಸಂಬಳ ಒಂದು ದಿನ ತಡವಾದರೆ ಎಷ್ಟೋ ಮನೆಗಳ ಸಾಲದ ಕಂತು, ಮಕ್ಕಳ ಶಾಲೆಯ ಶುಲ್ಕ, ಮನೆಯ ಬಾಡಿಗೆ ಎಲ್ಲವೂ ತಡವಾಗುತ್ತವೆ. ತಂತ್ರಾಂಶ ಏಳುತ್ತಿಲ್ಲ. 'ಭಂಡಾರದೊಡನೆ ಸಂಪರ್ಕ ಸಾಧ್ಯವಾಗಲಿಲ್ಲ' ಎಂಬ ಒಂದೇ ವಾಕ್ಯ ಪರದೆಯ ಮೇಲೆ ಮತ್ತೆ ಮತ್ತೆ ಮೂಡುತ್ತಿದೆ. ಕಿರಿಯ ಕೆಲಸಗಾರನ ಮುಖ ಬಾಡಿದೆ. ಹಿರಿಯ ಮಹಿಳೆಯೊಬ್ಬರು ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತರು.

"ಎಷ್ಟು ಸಲ ಹಾಕಿದಿರಿ?"

"ಮೂರು ಸಲ ಮೇಡಂ. ತೆಗೆದು ಹಾಕಿದೆ. ಫೈರ್‌ವಾಲ್ ನಿಲ್ಲಿಸಿ ನೋಡಿದೆ. ಫೋಲ್ಡರಿಗೆ ಎಲ್ಲರಿಗೂ ಅನುಮತಿ ಕೊಟ್ಟೆ. ಆದರೂ ಅದೇ ಮಾತು."

"ಅದು ಕೊನೆಯ ಮಾತು. ಮೊದಲ ಮಾತು ಏನಿತ್ತು?"

ಕಿರಿಯನು ಉತ್ತರಿಸಲಿಲ್ಲ. ಯಂತ್ರ ತಾನು ಮಾಡಿದ ಪ್ರತಿಯೊಂದು ಕೆಲಸವನ್ನೂ ವೇಳೆಯೊಡನೆ ಬರೆದಿಡುವ ಲಾಗ್ ಎಂಬ ದಿನಚರಿಯನ್ನು ಆಕೆ ತೆರೆಸಿದರು, ಮೇಲಿನಿಂದ ಓದತೊಡಗಿದರು. ಕೊನೆಯ ನೂರು ಸಾಲುಗಳು ಬರಿಯ ಗೋಳಾಟ. ಅವಕ್ಕೂ ಮೊದಲು, ಬಹಳ ಮೇಲೆ, ಒಂದು ಸಾಲು ಬೇರೆಯೇ ಮಾತನ್ನು ಹೇಳುತ್ತಿತ್ತು: ಗುರುತಿನ ಚೀಟಿಯನ್ನು ಒಪ್ಪಿಕೊಳ್ಳಲಾಗಲಿಲ್ಲ, ಗಡಿಯಾರಗಳಲ್ಲಿ ಅಂತರವಿದೆ.

ಹೊಸ ಸರ್ವರಿನ ಗಡಿಯಾರ ಏಳು ನಿಮಿಷ ಹಿಂದಿತ್ತು. ವಿಂಡೋಸ್ ಜಾಲದಲ್ಲಿ ಒಂದು ಯಂತ್ರ ಇನ್ನೊಂದಕ್ಕೆ ತನ್ನ ಗುರುತನ್ನು ತೋರಿಸುವಾಗ ವೇಳೆಯನ್ನೂ ಹೇಳಬೇಕು. ಸಾಮಾನ್ಯ ಏರ್ಪಾಡಿನಲ್ಲಿ ಇಬ್ಬರ ಗಡಿಯಾರಗಳ ಅಂತರ ಐದು ನಿಮಿಷವನ್ನು ಮೀರಿದರೆ, ಇದು ಯಾರೋ ಹಳೆಯ ಚೀಟಿ ತಂದ ಮೋಸಗಾರನಿರಬಹುದೆಂದು ಬಾಗಿಲು ಮುಚ್ಚಲಾಗುತ್ತದೆ. ತಂತ್ರಾಂಶದಲ್ಲಿ ದೋಷವಿರಲಿಲ್ಲ, ಭಂಡಾರದಲ್ಲಿಯೂ ಇರಲಿಲ್ಲ.

ಗಡಿಯಾರವನ್ನು ಸರಿಪಡಿಸಲು ಒಂದು ನಿಮಿಷ ಸಾಕಾಯಿತು. ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ.

"ಮೂರು ಔಷಧವನ್ನು ಒಟ್ಟಿಗೆ ಕುಡಿಸಿದರೆ ಯಾವುದರಿಂದ ವಾಸಿಯಾಯಿತೆಂದು ಹೇಳುವುದು ಹೇಗೆ?" ಎಂದರು ಆಕೆ. "ನಿಲ್ಲಿಸಿದ ಫೈರ್‌ವಾಲನ್ನು ಮತ್ತೆ ನಡೆಸಿ. ಎಲ್ಲರಿಗೂ ಕೊಟ್ಟ ಅನುಮತಿಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಸಂಬಳದ ಪಟ್ಟಿ ಇರುವ ಫೋಲ್ಡರ್ ಇದು. ನಾಳೆ ಕಛೇರಿಯ ಯಾರು ಬೇಕಾದರೂ ಯಾರ ಸಂಬಳವನ್ನಾದರೂ ನೋಡಬಹುದು."

ಗಾಬರಿಯಲ್ಲಿ ಮಾಡಿದ ಚಿಕಿತ್ಸೆ ರೋಗಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಅಳವಡಿಕೆಯ ತೊಂದರೆಗಳಲ್ಲಿ ಅತ್ಯಂತ ಅಪಾಯಕರವಾದುದು ಇದೇ.

ಸಣ್ಣ ಕಛೇರಿಯ ದೊಡ್ಡ ತಲೆನೋವು

ಇವೆಲ್ಲ ಗಾಜಿನ ಗೋಪುರಗಳ ಕಷ್ಟವೆಂದು ತಿಳಿಯಬೇಕಾಗಿಲ್ಲ. ನಾಲ್ಕು ಜನ ಕೂಡುವ ಯಂತ್ರಭಾಗಗಳ ಕಾರ್ಖಾನೆಯ ಹಿಂಬದಿಯ ಕೋಣೆಯಲ್ಲಿಯೂ ಲೆಕ್ಕಪತ್ರದ ತಂತ್ರಾಂಶವಿದೆ. ನಮ್ಮ ದೇಶದ ಸಣ್ಣ ವ್ಯಾಪಾರಿಗಳಲ್ಲಿ ಮನೆಮಾತಾದ ಟ್ಯಾಲಿ ಬೆಂಗಳೂರಿನದೇ. ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ೧೯೮೬ರಲ್ಲಿ ಈ ಉದ್ಯಮಕ್ಕೆ ತಳಪಾಯ ಹಾಕಿದರು. ತಂದೆಯ ವ್ಯವಹಾರದ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಬೇಕಾಗಿತ್ತು. ಮಗ ಅದನ್ನು ಬರೆದರು.

ಇಂತಹ ಸಣ್ಣ ಕಛೇರಿಯಲ್ಲಿ ಸರ್ವರೆಂದರೆ ಬೇರೆ ಯಂತ್ರವಲ್ಲ; ಹಳೆಯ ಲೆಕ್ಕಿಗರ ಮೇಜಿನ ಮೇಲಿರುವ ಕಂಪ್ಯೂಟರೇ. ಉಳಿದ ಇಬ್ಬರು ಅದರಲ್ಲಿರುವ ಲೆಕ್ಕದ ಫೋಲ್ಡರನ್ನು ಜಾಲದ ಮೂಲಕ ತೆರೆದು ಕೆಲಸ ಮಾಡುತ್ತಾರೆ. ಒಂದು ದಿನ ಲೆಕ್ಕಿಗರ ಯಂತ್ರದಲ್ಲಿ ಮಾತ್ರ ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕಿ, ಲೆಕ್ಕವನ್ನೂ ಹೊಸ ಕ್ರಮಕ್ಕೆ ಬದಲಿಸಿಕೊಂಡರೆ, ಉಳಿದ ಇಬ್ಬರ ಹಳೆಯ ಆವೃತ್ತಿಗೆ ಆ ಲೆಕ್ಕವನ್ನು ಓದಲು ಬಾರದು. 'ಲೆಕ್ಕವೇ ಮಾಯವಾಯಿತು' ಎಂಬ ಕೂಗು ಏಳುತ್ತದೆ. ಲೆಕ್ಕ ಅಲ್ಲಿಯೇ ಇದೆ. ಓದುವವರ ಕನ್ನಡಕ ಮಾತ್ರ ಹಳೆಯದು.

೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಈ ಕೂಗಿಗೆ ತಾರೀಖಿನ ಭಯವೂ ಸೇರಿದೆ. ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುವವರಿಗೆ ಮರುತಿಂಗಳ ೨೦ನೆಯ ತಾರೀಖು ಸಾಮಾನ್ಯ ಗಡುವು. ಹದಿನೆಂಟರಂದು ಹೊಸ ಆವೃತ್ತಿಯನ್ನು ಹಾಕುವ ಉತ್ಸಾಹಿಗೆ ಅನುಭವಿಗಳು ಹೇಳುವುದು ಒಂದೇ ಮಾತು: ಇಪ್ಪತ್ತೊಂದರವರೆಗೆ ತಾಳಿ, ಅದಕ್ಕೂ ಮೊದಲು ಲೆಕ್ಕದ ಒಂದು ಪ್ರತಿಯನ್ನು ತೆಗೆದು ಬೇರೆ ಕಡೆ ಇಡಿ.

ಏಳು ಸರಿ, ಎಂಟನೆಯದು?

ಒಂದು ಯಂತ್ರವನ್ನು ಮರೆತರೆ ಆಗುವುದೇನು? ಇದಕ್ಕೆ ಉತ್ತರ ಕೊಟ್ಟ ಘಟನೆ ನಡೆದುದು ಮಹದೇವಪುರದಲ್ಲಲ್ಲ, ಅಮೆರಿಕೆಯಲ್ಲಿ. ಆದರೆ ಇಂದು ಈ ವೃತ್ತಿಯಲ್ಲಿರುವವರು ಎಲ್ಲಿದ್ದರೂ ತಿಳಿದಿರಬೇಕಾದ ಕಥೆ ಅದು.

ನೈಟ್ ಕ್ಯಾಪಿಟಲ್ ಎಂಬುದು ಷೇರು ವ್ಯಾಪಾರದ ದೊಡ್ಡ ಸಂಸ್ಥೆ. ನ್ಯೂಯಾರ್ಕ್ ಷೇರುಪೇಟೆಯಲ್ಲಿ ೨೦೧೨ರ ಆಗಸ್ಟ್ ೧ರಂದು ಒಂದು ಹೊಸ ವ್ಯವಸ್ಥೆ ಆರಂಭವಾಗುವುದಿತ್ತು. ಅದಕ್ಕೆಂದು ಸಂಸ್ಥೆಯವರು ತಮ್ಮ ಎಂಟು ಸರ್ವರುಗಳಿಗೆ ಹೊಸ ತಂತ್ರಾಂಶವನ್ನು ಹಾಕಬೇಕಾಗಿತ್ತು. ಕೆಲಸಗಾರನೊಬ್ಬ ಏಳಕ್ಕೆ ಹಾಕಿದನು; ಎಂಟನೆಯದಕ್ಕೆ ಹಾಕಲಿಲ್ಲ. ಎರಡನೆಯವನೊಬ್ಬನು ನೋಡಿ ಒಪ್ಪಬೇಕೆಂಬ ಲಿಖಿತ ನಿಯಮವೇ ಇರಲಿಲ್ಲ.

ಎಂಟನೆಯ ಯಂತ್ರದಲ್ಲಿ 'ಪವರ್ ಪೆಗ್' ಎಂಬ ಹಳೆಯ ಕಾರ್ಯಕ್ರಮ ಹಾಗೆಯೇ ಉಳಿದಿತ್ತು. ಅದರ ಬಳಕೆ ೨೦೦೩ರಲ್ಲಿಯೇ ನಿಂತಿತ್ತು. ಆದರೆ ಅದನ್ನು ಯಾರೂ ತೆಗೆದು ಹಾಕಿರಲಿಲ್ಲ. ಹಳೆಯದನ್ನು ಎಬ್ಬಿಸುತ್ತಿದ್ದ ಸಂಕೇತವನ್ನೇ ಹೊಸ ತಂತ್ರಾಂಶಕ್ಕೂ ಬಳಸಲಾಗಿತ್ತು. ಪೇಟೆ ತೆರೆದೊಡನೆ ಏಳು ಯಂತ್ರಗಳು ಹೊಸ ಕೆಲಸವನ್ನು ಆರಂಭಿಸಿದವು. ಎಂಟನೆಯದು ಒಂಬತ್ತು ವರ್ಷಗಳ ನಿದ್ದೆಯಿಂದೆದ್ದು ಹಳೆಯ ಕೆಲಸಕ್ಕೆ ಇಳಿಯಿತು. ಗಿರಾಕಿಗಳ ೨೧೨ ಸಣ್ಣ ಆದೇಶಗಳಿಗಾಗಿ ಅದು ಲಕ್ಷಾಂತರ ಆದೇಶಗಳನ್ನು ಕಳುಹಿಸಿತು. ಸುಮಾರು ೪೫ ನಿಮಿಷಗಳಲ್ಲಿ ೪೦ ಲಕ್ಷ ವಹಿವಾಟುಗಳು ನಡೆದು, ೩೯ ಕೋಟಿಗೂ ಮೇಲ್ಪಟ್ಟು ಷೇರುಗಳು ಕೈ ಬದಲಾಯಿಸಿದವು. ನಷ್ಟ ೪೬ ಕೋಟಿ ಡಾಲರುಗಳಿಗೂ ಹೆಚ್ಚು.

ಇದರಲ್ಲಿ ಮನಸ್ಸನ್ನು ಕಲಕುವ ಸಂಗತಿಗಳು ಇನ್ನೆರಡಿವೆ. ಅಂದು ಬೆಳಗ್ಗೆ ಪೇಟೆ ತೆರೆಯುವ ಮೊದಲೇ ಸಂಸ್ಥೆಯ ಯಂತ್ರಗಳು ದೋಷವನ್ನು ಸೂಚಿಸುವ ೯೭ ಇ-ಮೇಲ್‌ಗಳನ್ನು ಕಳುಹಿಸಿದ್ದವು. ಅವುಗಳ ಮೇಲೆ ಯಾರೂ ಕ್ರಮ ಕೈಗೊಳ್ಳಲಿಲ್ಲ. ಅನಂತರ ಗಲಿಬಿಲಿಯ ನಡುವೆ, ತಪ್ಪು ಹೊಸ ತಂತ್ರಾಂಶದ್ದೇ ಇರಬೇಕೆಂದು ತಿಳಿದು, ಸರಿಯಾಗಿದ್ದ ಏಳು ಯಂತ್ರಗಳಿಂದ ಅದನ್ನು ತೆಗೆದುಬಿಟ್ಟರು. ಆಗ ಆ ಏಳರಲ್ಲಿಯೂ ಹಳೆಯ ಕಾರ್ಯಕ್ರಮ ಎದ್ದು ಕುಳಿತಿತು, ಅನಾಹುತ ಹೆಚ್ಚಿತು. ೨೦೧೩ರಲ್ಲಿ ಅಮೆರಿಕೆಯ ಷೇರುಪೇಟೆ ನಿಯಂತ್ರಣ ಮಂಡಳಿ ಸಂಸ್ಥೆಗೆ ೧ ಕೋಟಿ ೨೦ ಲಕ್ಷ ಡಾಲರ್ ದಂಡ ವಿಧಿಸಿತು. ಅದೇ ವರ್ಷ ಸಂಸ್ಥೆ ಇನ್ನೊಂದರೊಡನೆ ವಿಲೀನವಾಯಿತು.

ಆ ಕೆಲಸಗಾರನು ಏಳು ಯಂತ್ರಗಳ ಮಟ್ಟಿಗೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದನೆಂಬುದನ್ನು ಮರೆಯಬಾರದು. ಮನುಷ್ಯನಾದವನು ಎಂಟರಲ್ಲಿ ಒಂದನ್ನು ಮರೆಯುವುದು ಸಹಜ. ಮರೆತುದನ್ನು ನೆನಪಿಸಲು ಪಕ್ಕದಲ್ಲಿ ಇನ್ನೊಬ್ಬನಿರಲಿಲ್ಲವೆಂಬುದೇ ದುರಂತ.

ಒಂದು ಶುಕ್ರವಾರದ ಬೆಳಗ್ಗೆ

ಎರಡನೆಯ ಘಟನೆ ಬೆಂಗಳೂರಿಗರ ಮನೆಬಾಗಿಲಿಗೇ ಬಂದಿತ್ತು. ೨೦೨೪ರ ಜುಲೈ ೧೯, ಶುಕ್ರವಾರ. ಕಂಪ್ಯೂಟರುಗಳಿಗೆ ರಕ್ಷಣೆ ಕೊಡುವ ಕ್ರೌಡ್‌ಸ್ಟ್ರೈಕ್ ಸಂಸ್ಥೆಯಿಂದ ಭಾರತೀಯ ಕಾಲಮಾನ ೯ ಗಂಟೆ ೩೯ ನಿಮಿಷಕ್ಕೆ ಒಂದು ಸಣ್ಣ ಪರಿಷ್ಕರಣೆ ಹೊರಟಿತು. ಅದರ ಹೊಸ ಕಡತ ಇಪ್ಪತ್ತೊಂದು ಅಂಶಗಳನ್ನು ನಿರೀಕ್ಷಿಸುತ್ತಿತ್ತು. ಯಂತ್ರಗಳಲ್ಲಿದ್ದ ತಂತ್ರಾಂಶ ಇಪ್ಪತ್ತನ್ನು ಮಾತ್ರ ಒದಗಿಸುತ್ತಿತ್ತು. ಇಲ್ಲದ ಇಪ್ಪತ್ತೊಂದನೆಯದನ್ನು ಹುಡುಕಲು ಹೋಗಿ ಯಂತ್ರಗಳು ಕುಸಿದುಬಿದ್ದವು. ಮತ್ತೆ ಎದ್ದವು, ಮತ್ತೆ ಬಿದ್ದವು. ನೀಲಿ ಪರದೆಯೊಂದೇ ಉಳಿಯಿತು.

ಸಂಸ್ಥೆ ೧೦ ಗಂಟೆ ೫೭ ನಿಮಿಷಕ್ಕೆ ಆ ಕಡತವನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಲೋಕದಲ್ಲೆಲ್ಲ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋಗಿದ್ದವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಬೆಂಗಳೂರು ಸೇರಿ ದೇಶದ ಅನೇಕ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆಯನ್ನು ಕೈಯಿಂದಲೇ ಮಾಡಬೇಕಾಯಿತು; ಕೆಲವೆಡೆ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು.

ಕಾರಣ ತಿಳಿದ ಮೇಲೆ ಪರಿಹಾರ ಸುಲಭವಲ್ಲವೆ? ಅಲ್ಲಿಯೇ ತೊಡಕು. ಬಿದ್ದ ಯಂತ್ರಕ್ಕೆ ಜಾಲದ ಮೂಲಕ ಔಷಧ ಕಳುಹಿಸುವಂತಿಲ್ಲ. ಅದು ಕಣ್ಣು ತೆರೆದರಲ್ಲವೆ ಸ್ವೀಕರಿಸುವುದು? ಬಹುಪಾಲು ಯಂತ್ರಗಳ ಮುಂದೆ ಮನುಷ್ಯನೇ ಹೋಗಿ ಕುಳಿತು, ಸುರಕ್ಷಿತ ಸ್ಥಿತಿಯಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಅಳಿಸಬೇಕಾಯಿತು. ತಟ್ಟೆಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದ ಕಡೆ ೪೮ ಅಂಕಿಗಳ ಕೀಲಿಸಂಖ್ಯೆಯನ್ನು ಒಂದೂ ತಪ್ಪದೆ ಒತ್ತಬೇಕಾಯಿತು. ಆ ಸಂಖ್ಯೆಗಳನ್ನು ಬರೆದಿಟ್ಟಿದ್ದ ಸರ್ವರೇ ನೀಲಿಯಾಗಿದ್ದರೆ? ಬೀಗದ ಕೈಯನ್ನು ಬೀರುವಿನೊಳಗಿಟ್ಟು ಬೀರುವಿಗೆ ಬೀಗ ಹಾಕಿದವನ ಪಾಡು.

ಬರೆದಿಟ್ಟವನು ಮಲಗಬಲ್ಲ

ಈ ಎಲ್ಲ ಸಂಗತಿಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಹೊಸದನ್ನು ಹಾಕಿದ ಸ್ಥಳದಲ್ಲಿ ದೋಷ ಕಾಣಿಸಿಕೊಳ್ಳುತ್ತದೆ. ಅದರ ಬೇರು ಅನೇಕ ವೇಳೆ ಬೇರೆ ಕಡೆ ಇರುತ್ತದೆ. ಹಿಂದೆ ಬಿದ್ದ ಗಡಿಯಾರದಲ್ಲಿ, ಪಕ್ಕದ ಮೇಜಿನ ಹಳೆಯ ಆವೃತ್ತಿಯಲ್ಲಿ, ಯಾರೂ ತೆಗೆಯದ ಹಳೆಯ ಕಾರ್ಯಕ್ರಮದಲ್ಲಿ. ಅದನ್ನು ಕಂಡುಹಿಡಿಯಲು ಬೇಕಾದುದು ಅಸಾಧಾರಣ ಬುದ್ಧಿಯಲ್ಲ. ಅಡಿಗೆಮನೆಯ ಹಿರಿಯರಿಗೂ ಅಂಗಡಿಯ ಲೆಕ್ಕಿಗರಿಗೂ ಇರುವ ಶಿಸ್ತು. ಮೊದಲಿಗೆ, ನಿನ್ನೆ ನಡೆಯುತ್ತಿದ್ದುದು ಇಂದು ನಿಂತಿದ್ದರೆ ನಡುವೆ ಏನು ಬದಲಾಯಿತೆಂದು ಕೇಳುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಪ್ರಯೋಜನವಾಗದಿದ್ದರೆ ಮೊದಲಿನಂತೆ ಇಡುವುದು. ಹೊಸದನ್ನು ಮೊದಲು ಪರೀಕ್ಷೆಯ ಯಂತ್ರದಲ್ಲಿ, ಆಮೇಲೆ ಕೆಲವರ ಯಂತ್ರದಲ್ಲಿ, ಕೊನೆಗೆ ಎಲ್ಲರ ಯಂತ್ರದಲ್ಲಿ ಹಾಕುವುದು. ಹಿಂದಿರುಗುವ ದಾರಿಯನ್ನು ಹೊರಡುವ ಮುನ್ನವೇ ಗೊತ್ತುಮಾಡಿಕೊಳ್ಳುವುದು. ಮಾಡಿದುದನ್ನೆಲ್ಲ ವೇಳೆಯೊಡನೆ ಬರೆಯುವುದು. ಎಲ್ಲಕ್ಕಿಂತ ಮಿಗಿಲಾಗಿ, ಎಂಟು ಯಂತ್ರಗಳಿದ್ದರೆ ಎಂಟನ್ನೂ ಎಣಿಸಲು ಇನ್ನೊಬ್ಬರನ್ನು ಕರೆಯುವುದು.

ಭಾನುವಾರ ಬೆಳಗಿನ ಜಾವ. ಗಾಜಿನ ಕಟ್ಟಡದ ಆರನೆಯ ಮಹಡಿಯಲ್ಲಿ ಕಿರಿಯನು ಪಟ್ಟಿಯನ್ನು ಓದುತ್ತಿದ್ದಾನೆ. ಹಿರಿಯಾಕೆ ಒಂದೊಂದೇ ಯಂತ್ರವನ್ನು ತೆರೆದು ನೋಡಿ 'ಸರಿ' ಎನ್ನುತ್ತಿದ್ದಾರೆ. ಆರು ಸರಿ. ಏಳು ಸರಿ. ಎಂಟಕ್ಕೆ ಬಂದಾಗ ಇಬ್ಬರ ದನಿಯೂ ತಾನಾಗಿ ನಿಧಾನವಾಗುತ್ತದೆ. ಅದೂ ಸರಿ. ಪಟ್ಟಿಯ ಕೆಳಗೆ ಇಬ್ಬರೂ ಸಹಿ ಹಾಕುತ್ತಾರೆ.

ಕೆಳಗಿಳಿದು ಬಂದಾಗ ರಸ್ತೆಯ ಬದಿಯ ಟೀ ಅಂಗಡಿಯಲ್ಲಿ ಮೊದಲ ಹಾಲು ಕಾಯುತ್ತಿದೆ. ಇನ್ನು ಮನೆಗೆ ಹೋದರೆ ಬಾಗಿಲು ತೆರೆದವರು ಕೇಳುವ ಮೊದಲ ಪ್ರಶ್ನೆ ಗೊತ್ತೇ ಇದೆ: "ರಾತ್ರಿಯೆಲ್ಲ ಏನು ಮಾಡಿದಿರಿ?" ಸೋಮವಾರ ಕಛೇರಿಯಲ್ಲಿ ಯಾರಿಗೂ ಏನೂ ತಿಳಿಯದಂತೆ ಮಾಡಿದೆವು ಎಂದರೆ ನಂಬುವವರಾರು? ಎಲ್ಲರ ಸಂಬಳವೂ ಎಂದಿನ ದಿನವೇ ಬರುತ್ತದೆ. ಅದು ಬಂದುದೇ ಉತ್ತರ.